ಹಿಂದೆ ಬಂಡೆ, ಮುಂದೆ ಸಮುದ್ರ: ಜ್ವಾಲಾಮುಖಿ ದ್ವೀಪದ ಬೀಚ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯಿಂದ ಬಾಲಿ, ಮಾರಿಷಸ್ ಅಂತ ಹೊರಡುವವರು ಈಗ ಜಾಸ್ತಿ. ಹೊಸದಾಗಿ ಮದುವೆ ಆದವರು ಇದ್ದಾರೆ. ಮಗಳ ಬಾಣಂತನಕ್ಕೆ ಯೂರೋಪಿಗೆ ಹೋಗಿ, ಹೋದದ್ದೇ ಹೋದೆವು ಗ್ರೀಸನ್ನೂ ನೋಡಿಬಿಡೋಣ ಅನ್ನುವ ಅಪ್ಪ ಅಮ್ಮಂದಿರೂ ಇದ್ದಾರೆ. ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗ್‌ನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ, ಫೋನು, ಪತ್ರಗಳಲ್ಲಿ ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಹೊರಡುವ ಮುಂಚೆ

ಜ್ವಾಲಾಮುಖಿ ದ್ವೀಪದ ಬೀಚ್ ಅಂದ್ರೆ ಏನು ಸಾರ್? ಗೋವಾ, ಮಲ್ಪೆಗಿಂತ ಏನು ಬೇರೆ?

ಮಲ್ಪೆಯಲ್ಲಿ ಮರಳಿನ ಹಿಂದೆ ತೆಂಗಿನ ಮರ, ರಸ್ತೆ, ಅಂಗಡಿ. ಅಲೆ ಜೋರಾದರೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದರೆ ಆಯಿತು. ಸಮುದ್ರದ ತಳದಿಂದ ಲಾವಾ ಉಕ್ಕಿ ಎದ್ದ ದ್ವೀಪಗಳಲ್ಲಿ ಹಾಗಿಲ್ಲ. ಹವಾಯಿ, ಸ್ಪೇನಿನ ಟೆನೆರಿಫೆ, ಪೋರ್ಚುಗಲ್‌ನ ಮದೈರಾ, ಗ್ರೀಸ್‌ನ ಸ್ಯಾಂಟೊರಿನಿ, ಐಸ್‌ಲ್ಯಾಂಡ್‌ಗಳ ಎಷ್ಟೋ ಬೀಚ್‌ಗಳು ಬಂಡೆಗೋಡೆಯ ಬುಡದಲ್ಲಿ ಉಳಿದ ಒಂದು ಪಟ್ಟಿ ಮರಳು, ಅಷ್ಟೇ. ಹಿಂದೆ ನೂರಾರು ಅಡಿ ನೆಟ್ಟಗೆ ನಿಂತ ಕಲ್ಲು. ಮುಂದೆ ಬೇಗನೆ ಆಳಕ್ಕೆ ಇಳಿಯುವ ನೀರು. ಹೋಗೋಕೂ ಬರೋಕೂ ಬಹಳ ಕಡೆ ಒಂದೇ ದಾರಿ. ಅಲ್ಲಿನ ಚೆಂದಕ್ಕೂ ಅಪಾಯಕ್ಕೂ ಕಾರಣ ಈ ಇಕ್ಕಟ್ಟೇ.

ಆ ಕ್ಲಿಫ್ ಅಷ್ಟು ನೆಟ್ಟಗೆ ಹೇಗೆ ನಿಂತಿರುತ್ತೆ? ಬೀಳಲ್ವಾ?

ಬೀಳುತ್ತದೆ. ಬೀಳುತ್ತಾ ಇರುವುದರಿಂದಲೇ ಅದು ನೆಟ್ಟಗಿರುವುದು.

ನಮಗೆ ಬಂಡೆ ಅಂದರೆ ಚಾಮುಂಡಿ ಬೆಟ್ಟ, ಮೇಲುಕೋಟೆ, ಕುಂತಿಬೆಟ್ಟ. ಚಾಮುಂಡಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ ವಯಸ್ಸು. ನಮ್ಮ ಸುತ್ತಮುತ್ತಲ ನೈಸ್ ಅನ್ನುವ ಪಟ್ಟೆ ಕಲ್ಲು ಅದಕ್ಕಿಂತಲೂ ಎಷ್ಟೋ ಹಳೆಯದು. 2021ರ ಮಳೆಗೆ ಬೆಟ್ಟದ ನಂದಿ ರಸ್ತೆ ಕುಸಿದಾಗಲೂ ಜಾರಿದ್ದು ರಸ್ತೆಯಡಿಯ ಮಣ್ಣು. ಹೀಗಾಗಿ ಬಂಡೆ ಕಂಡರೆ ಬೆನ್ನು ಕೊಟ್ಟು ಕೂರುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಈ ದ್ವೀಪಗಳಲ್ಲಿ ಬಿಡಬೇಕಾದ ಮೊದಲ ಅಭ್ಯಾಸವೂ ಅದೇ.

ಅಲ್ಲಿನ ಬಂಡೆ ಒಂದೇ ಕಲ್ಲಲ್ಲ. ಒಂದು ಸಲ ಲಾವಾ ಹರಿದು ಗಟ್ಟಿಯಾಗುತ್ತದೆ. ಇನ್ನೊಂದು ಸಲ ಬೂದಿ, ಹಗುರ ನೊರೆಗಲ್ಲು ಉದುರಿ ಅದರ ಮೇಲೆ ಕೂರುತ್ತದೆ. ಮತ್ತೆ ಲಾವಾ, ಮತ್ತೆ ಬೂದಿ. ಮದುವೆ ಮನೆಯ ಚಿರೋಟಿಯಂತೆ ಪದರದ ಮೇಲೆ ಪದರ. ಲಾವಾ ಪದರ ಗಟ್ಟಿ, ಆದರೆ ಆರುವಾಗ ಕುಗ್ಗಿ ಮೇಲಿಂದ ಕೆಳಗೆ ಸೀಳು ಬಿಟ್ಟಿರುತ್ತದೆ. ಬೂದಿ ಪದರವನ್ನು ಕೆಲವು ಕಡೆ ಉಗುರಿನಲ್ಲೇ ಕೆರೆಯಬಹುದು. ಅಲೆ, ಮಳೆ ಸೇರಿ ಮೆತ್ತನೆಯ ಪದರವನ್ನು ಕೊರೆದುಬಿಡುತ್ತವೆ. ಮೇಲಿನ ಲಾವಾ ಆಸರೆ ಇಲ್ಲದೆ ಚಾಚಿಕೊಂಡು ನಿಲ್ಲುತ್ತದೆ. ಒಂದು ದಿನ ಸೀಳಿನ ಗುಂಟ ಕಳಚಿ ಬೀಳುತ್ತದೆ. ಗೋಡೆ ಒಂದಿಷ್ಟು ಹಿಂದೆ ಸರಿದು ಮತ್ತೆ ನೆಟ್ಟಗಾಗುತ್ತದೆ.

ಇದು ಸಣ್ಣ ಲೆಕ್ಕ. ದೊಡ್ಡ ಲೆಕ್ಕದಲ್ಲಿ ಬೆಟ್ಟದ ಅರ್ಧವೇ ಸಮುದ್ರಕ್ಕೆ ಜಾರಿದ್ದೂ ಇದೆ. ಹವಾಯಿಯ ಮೊಲೊಕಾಯಿ ದ್ವೀಪದ ಉತ್ತರದಂಡೆಯಲ್ಲಿ ಸುಮಾರು 1,000 ಮೀಟರ್ ಎತ್ತರದ ಬಂಡೆಗೋಡೆ ಇರುವುದು ಲಕ್ಷಾಂತರ ವರ್ಷಗಳ ಹಿಂದೆ ಹಾಗೆ ಜಾರಿದ ಮೇಲೆ ಉಳಿದ ಗಾಯದಿಂದ.

ಕಪ್ಪು ಮರಳು, ಕೆಂಪು ಮರಳು, ಹಸಿರು ಮರಳು ಅಂತಾರೆ. ನಿಜಾನಾ, ಫೋಟೋದಲ್ಲಿ ಬಣ್ಣ ಹಾಕಿರ್ತಾರಾ?

ನಿಜ. ಫೋಟೋದಲ್ಲಿ ಒಂದಿಷ್ಟು ಬಣ್ಣ ಏರಿಸಿರುತ್ತಾರೆ ಅನ್ನುವುದೂ ನಿಜ.

ಕಪ್ಪು ಮರಳು ಬಸಾಲ್ಟ್ ಕಲ್ಲಿನ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನ, ಪುಡಿ. ಬಿಸಿ ಲಾವಾ ತಣ್ಣನೆಯ ಸಮುದ್ರಕ್ಕೆ ಬಿದ್ದು ಸಿಡಿದು ಚೂರಾದಾಗಲೂ ಆಗುತ್ತದೆ, ಅಲೆ ನಿಧಾನವಾಗಿ ಅರೆದಾಗಲೂ ಆಗುತ್ತದೆ. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯಿರಿ. ದೂರಕ್ಕೆ ಬರೀ ಕಪ್ಪು. ಹತ್ತಿರದಲ್ಲಿ ಕೆಲವು ಕಾಳು ಚೂಪಾಗಿ ಮಿರುಗುತ್ತವೆ, ಅವು ನಿಜವಾಗಿಯೂ ಗಾಜು. ಕೆಲವು ಮಂಕಾಗಿ, ತೂತುತೂತಾಗಿ ಇರುತ್ತವೆ. ಹುಡುಕಿದರೆ ನಡುವೆ ಒಂದೆರಡು ಹಸಿರು ಕಾಳು. ಅದು ಒಲಿವಿನ್ ಅನ್ನುವ ಖನಿಜ. ಹವಾಯಿಯ ಪಪಕೋಲಿಯದಲ್ಲಿ ಈ ಹಸಿರು ಕಾಳೇ ರಾಶಿಯಾಗಿ ಬೀಚ್ ಆಗಿದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಹಿಡಿದರೆ ಕಪ್ಪು ಮರಳಿನ ಒಂದಿಷ್ಟು ಕಾಳು ಅಂಟಿಕೊಳ್ಳುವುದೂ ಉಂಟು. ಮಕ್ಕಳಿಗೆ ಒಂದು ಗಂಟೆ ಹೊತ್ತು ಹೋಗುತ್ತದೆ.

ಸ್ಯಾಂಟೊರಿನಿಯ ಕೆಂಪು ಬೀಚ್‌ನ ಬಣ್ಣ ಕಲ್ಲಿನೊಳಗಿನ ಕಬ್ಬಿಣ ತುಕ್ಕಾದದ್ದು. ಇನ್ನು ಮಾರಿಷಸ್‌ನ ಬಿಳಿ ಮರಳಿಗೂ ಜ್ವಾಲಾಮುಖಿಗೂ ನೇರ ಸಂಬಂಧ ಇಲ್ಲ. ಅದು ಹವಳದ, ಚಿಪ್ಪಿನ ಪುಡಿ.

ಅಷ್ಟು ದೂರ ಯಾಕೆ? ನಮ್ಮ ಕಡೆ ಇಂಥದ್ದು ಇಲ್ವಾ?

ಇದೆ, ಚಿಕ್ಕದಾಗಿ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಜ್ವಾಲಾಮುಖಿಯವು. ಆಗ ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುತ್ತಿತ್ತು. ಬಹಳಷ್ಟು ಕಂಬಗಳಿಗೆ ಆರು ಮೂಲೆ. ಐಸ್‌ಲ್ಯಾಂಡ್‌ಗೆ ಹೋಗಿ ಬಸಾಲ್ಟ್ ಕಂಬದ ಮುಂದೆ ಫೋಟೋ ತೆಗೆಸಿಕೊಂಡ ಎಷ್ಟೋ ಜನ ಇದನ್ನು ನೋಡಿಲ್ಲ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.

ಬಂಡೆ ಕೆಳಗಿನ ಬೀಚ್ ಹೇಗಿರುತ್ತೆ ಅಂತ ಅಂದಾಜು ಬೇಕಾದರೆ ಕೇರಳದ ವರ್ಕಲಕ್ಕೆ ಹೋಗಿಬನ್ನಿ. ಅದು ಜ್ವಾಲಾಮುಖಿ ಕಲ್ಲಲ್ಲ, ಮುರಕಲ್ಲು ಮತ್ತು ಮರಳುಗಲ್ಲು. ಆದರೆ ಮೆಟ್ಟಿಲು, ಉಬ್ಬರ, ಕುಸಿತ ಎಲ್ಲದರ ಪಾಠ ಒಂದೇ ದಿನದಲ್ಲಿ ಆಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ, ದೂರದಿಂದ ನೋಡಬಹುದು ಅಷ್ಟೇ.

ಮೊದಲ ಸಲ ಹೋಗ್ತಿದ್ದೀವಿ, ಮನೆಮಂದಿಯೆಲ್ಲ. ಯಾವ ದ್ವೀಪಕ್ಕೆ ಹೋಗೋದು?

ವಯಸ್ಸಾದವರು, ಮಕ್ಕಳು ಇದ್ದರೆ ಮಾರಿಷಸ್. ನಮಗೆ ಮೊದಲೇ ವೀಸಾ ಮಾಡಿಸುವ ತಲೆನೋವಿಲ್ಲ. ದ್ವೀಪದ ಸುತ್ತ ಬಹುಪಾಲು ಹವಳದ ದಿಬ್ಬ ಇರುವುದರಿಂದ ಒಳಗಿನ ನೀರು ಶಾಂತ. ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ಆ ದಿಬ್ಬ ತಪ್ಪಿದೆ. ಅಲ್ಲಿ ಅಲೆ ನೇರವಾಗಿ ಕಪ್ಪು ಬಂಡೆಗೆ ಬಡಿಯುತ್ತದೆ. ನೋಡುವುದಕ್ಕೆ ಅದೇ ಜಾಗ, ಈಜುವುದಕ್ಕೆ ಅಲ್ಲ. ಜೊತೆಗೆ ಗಂಗಾ ತಲಾವ್ ನೋಡಬಹುದು. ಶಿವರಾತ್ರಿಗೆ ಲಕ್ಷಗಟ್ಟಲೆ ಜನ ನಡೆದು ಬರುವ ಆ ಕೆರೆ ಹಳೆಯ ಜ್ವಾಲಾಮುಖಿಯ ಬಾಯಿ.

ಹುಡುಗರ ಗುಂಪಾದರೆ ಬಾಲಿ. ಯೂರೋಪಿನಲ್ಲಿ ಇರುವವರ ಜೊತೆ ಹೋಗುವುದಾದರೆ ಮದೈರಾ ಅಂತ ನನ್ನ ಮತ. ಸ್ಯಾಂಟೊರಿನಿಯ ಹೆಸರು ದೊಡ್ಡದು, ಜನಜಂಗುಳಿ ಅದಕ್ಕಿಂತ ದೊಡ್ಡದು.

ದಸರಾ ರಜಕ್ಕೆ ಹೋಗೋದಾ, ಯುಗಾದಿಗಾ, ಬೇಸಿಗೆಗಾ?

ದಸರಾ ಹೊತ್ತು ಒಳ್ಳೆಯದು. ಬಾಲಿಯಲ್ಲಿ ಮಳೆ ಇನ್ನೂ ಹಿಡಿದಿರುವುದಿಲ್ಲ, ಗ್ರೀಸ್‌ನಲ್ಲಿ ಬಿಸಿಲಿನ ಕಾವು ಇಳಿದಿರುತ್ತದೆ. ಮನೆಯಲ್ಲಿ ಜಂಬೂಸವಾರಿ ಬಿಟ್ಟು ಹೋಗುವುದಕ್ಕೆ ಒಪ್ಪಬೇಕು, ಅದು ಬೇರೆ ವಿಷಯ.

ಯುಗಾದಿಗೆ ಬಾಲಿ ಅಂದರೆ ಒಂದು ಸಲ ತಾರೀಕು ನೋಡಿ. ಅವರದ್ದೂ ನಮ್ಮ ಹಾಗೆ ಶಕ ವರ್ಷವೇ. ಹೊಸ ವರ್ಷದ ದಿನ ಅವರು ನ್ಯೆಪಿ ಆಚರಿಸುತ್ತಾರೆ. ಅಂದು 24 ಗಂಟೆ ವಿಮಾನ ನಿಲ್ದಾಣ ಬಂದ್, ರಸ್ತೆ ಬಂದ್, ಬೀಚ್ ಬಂದ್, ಹೋಟೆಲ್ ಬಿಟ್ಟು ಯಾರೂ ಹೊರಗೆ ಬರುವಂತಿಲ್ಲ. 2023ರಲ್ಲಿ ಯುಗಾದಿ, ನ್ಯೆಪಿ ಎರಡೂ ಮಾರ್ಚ್ 22ರಂದೇ ಬಂದವು. 2025ರಲ್ಲಿ ಒಂದು ದಿನ ಹಿಂದೆ ಮುಂದೆ. ಅಧಿಕ ಮಾಸದ ಲೆಕ್ಕದಿಂದ ಕೆಲವು ವರ್ಷ ತಿಂಗಳೇ ವ್ಯತ್ಯಾಸ ಬರುವುದೂ ಇದೆ, 2024ರಲ್ಲಿ ಹಾಗಾಯಿತು.

ಡಿಸೆಂಬರ್‌ನಲ್ಲಿ ಬಾಲಿಗೆ ಮಳೆಗಾಲ, ನೀರು ಕುಡಿದ ಬಂಡೆ ಸಡಿಲ. ಹವಾಯಿಯ ಉತ್ತರದ ದಂಡೆಗಳಲ್ಲಿ ಆಗ ರಾಕ್ಷಸ ಅಲೆ. ಮಾರಿಷಸ್‌ಗೆ ಚಂಡಮಾರುತದ ಕಾಲ. ಏಪ್ರಿಲ್, ಮೇ ತಿಂಗಳು ಬಹುತೇಕ ಎಲ್ಲ ಕಡೆಗೂ ಆಗುತ್ತದೆ.

ವೀಸಾ, ಖರ್ಚು?

ಬಾಲಿಗೆ ಇಳಿದ ಮೇಲೆ ಸಿಗುವ ವೀಸಾ ಇದೆ. 30 ದಿನಕ್ಕೆ 5 ಲಕ್ಷ ರುಪಾಯ, ಅವರ ದುಡ್ಡಿನಲ್ಲಿ. ಗಾಬರಿ ಆಗಬೇಡಿ, ನಮ್ಮ ಮೂರು ಸಾವಿರದ ಆಸುಪಾಸು. ಅದರ ಜೊತೆ 2024ರ ಫೆಬ್ರವರಿಯಿಂದ ಪ್ರವಾಸಿ ಶುಲ್ಕ ಅಂತ ತಲೆಗೆ ಒಂದೂವರೆ ಲಕ್ಷ ರುಪಾಯ. ಗ್ರೀಸ್, ಸ್ಪೇನ್, ಪೋರ್ಚುಗಲ್, ಐಸ್‌ಲ್ಯಾಂಡ್‌ಗೆ ಷೆಂಗೆನ್ ವೀಸಾ ಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಹವಾಯಿಗೆ ಅಮೆರಿಕದ ವೀಸಾ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಬಾಲಿಯಲ್ಲಿ ಸೋಯಾದಿಂದ ಮಾಡುವ ತೋಫು, ತೆಂಪೆ ಧಾರಾಳ. ಆದರೆ ಅಲ್ಲಿನ ಖಾರದ ಚಟ್ನಿಗೆ ಸಿಗಡಿ ಹಾಕಿರುತ್ತಾರೆ, ಕೇಳಿಯೇ ತಿನ್ನಿ. ಮಾರಿಷಸ್‌ನಲ್ಲಿ ಬೇಳೆ ತುಂಬಿದ ಧಾಲ್ ಪೂರಿ ರಸ್ತೆ ಬದಿಯಲ್ಲೇ ಸಿಗುತ್ತದೆ. ಬೀಚ್‌ಗೆ ಇಳಿದ ಮೇಲೆ ಏನೂ ಸಿಗುವುದಿಲ್ಲ ಅಂತಲೇ ತಿಳಿದುಕೊಂಡು ನೀರು, ಅವಲಕ್ಕಿ, ಕೋಡುಬಳೆ ಜೊತೆಗಿಟ್ಟುಕೊಳ್ಳಿ.

## ಬೀಚ್‌ಗೆ ಇಳಿದ ಮೇಲೆ

ಮೆಟ್ಟಿಲು ಜಾಸ್ತಿ ಇರುತ್ತಂತೆ. ಅಮ್ಮ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಇದೂ ಹತ್ತಬಹುದಲ್ವಾ?

ಬೆಟ್ಟದ ಸಾವಿರ ಮೆಟ್ಟಿಲನ್ನು ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ ಹತ್ತುತ್ತೀರಿ. ಸಾಕಾದರೆ ಅರ್ಧದಲ್ಲೇ ವಾಪಸ್ ಇಳಿಯಬಹುದು. ಇಲ್ಲಿ ಉಲ್ಟಾ. ಮೊದಲು ಇಳಿಯೋದು, ಉಮೇದಿನಲ್ಲಿ ಇಳಿದುಬಿಡುತ್ತೀರಿ. ಹತ್ತುವ ಹೊತ್ತಿಗೆ ನೆತ್ತಿ ಮೇಲೆ ಬಿಸಿಲು, ಬಟ್ಟೆ ಒದ್ದೆ, ಬಾಟಲಿಯಲ್ಲಿ ನೀರು ಖಾಲಿ. ಅರ್ಧದಲ್ಲಿ ಬಿಡುವ ಹಾಗೂ ಇಲ್ಲ. ಮಂಡಿ ನೋವಿರುವವರಿಗಂತೂ ಇಳಿಯುವುದೇ ಹೆಚ್ಚು ಕಷ್ಟ.

ಬಾಲಿ ಪಕ್ಕದ ನೂಸಾ ಪೆನಿಡಾ ದ್ವೀಪದ ಕೆಲಿಂಗ್‌ಕಿಂಗ್ ಬೀಚ್ ಇದಕ್ಕೆ ಉದಾಹರಣೆ. ಮೇಲಿನಿಂದ ಕಾಣುವ ನೋಟವೇ ಅದರ ಪೂರ್ತಿ ಸೊಗಸು. ಕೆಳಗಿನ ದಾರಿ ತೀರಾ ಕಡಿದು, ಕೆಳಗಿನ ನೀರು ಕೊಲ್ಲುವಂಥದ್ದು, ಕೊಂದೂ ಇದೆ. ಅಮ್ಮನನ್ನು ಮೇಲೆ ಕೂರಿಸಿ ಎಳನೀರು ಕೊಡಿಸಿ, ನೀವೂ ಅಲ್ಲೇ ಕುಳಿತರೆ ಏನೂ ನಷ್ಟ ಇಲ್ಲ.

ಮೆಟ್ಟಿಲೇ ಬೇಡ ಅಂದರೆ ಸ್ಯಾಂಟೊರಿನಿಯ ಕಮಾರಿ, ಪೆರಿಸ್ಸಾ ಇವೆ. ಬಸ್ಸು ಕಪ್ಪು ಮರಳಿನ ಹತ್ತಿರದವರೆಗೂ ಬರುತ್ತದೆ, ನಡುವೆ ಮೆಸಾ ವೂನೊ ಬೆಟ್ಟ ನೆಟ್ಟಗೆ ನಿಂತಿದೆ. ಮದೈರಾದ ಪೋರ್ಟೊ ಮೊನಿಜ್‌ನಲ್ಲಿ ಲಾವಾ ಬಂಡೆಗಳೇ ಕಟ್ಟಿದ ಸಮುದ್ರದ ಕೊಳಗಳಿವೆ. ಕೈಹಿಡಿ, ಕಾವಲುಗಾರರು ಎಲ್ಲ ಇರುವುದರಿಂದ ವಯಸ್ಸಾದವರೂ ಕಾಲು ಇಳಿಬಿಟ್ಟು ಕೂರಬಹುದು.

ಚಪ್ಪಲಿ ಯಾವುದು?

ಹಿಮ್ಮಡಿಗೆ ಪಟ್ಟಿ ಇರುವ, ತಳ ಗಟ್ಟಿ ಇರುವ ಸ್ಯಾಂಡಲ್. ಕಪ್ಪು ಮರಳು ಮಧ್ಯಾಹ್ನದ ಹೊತ್ತಿಗೆ ಬರಿಗಾಲು ಸುಟ್ಟು ಬೊಬ್ಬೆ ಬರುವಷ್ಟು ಕಾಯುತ್ತದೆ. ಲಾವಾ ಕಲ್ಲು ಬ್ಲೇಡಿನಷ್ಟು ಚೂಪು. ಹವಾಯಿ ಚಪ್ಪಲಿ ಹೆಸರಿಗೆ ಮಾತ್ರ ಹವಾಯಿ, ಆ ಬಂಡೆ ಮೇಲೆ ಒಂದು ದಿನ ಬಾಳುವುದಿಲ್ಲ.

ಬಿಸಿಲು ಜಾಸ್ತಿ. ಬಂಡೆ ನೆರಳಲ್ಲಿ ಚಾಪೆ ಹಾಸ್ಕೊಂಡು ಊಟ ಮಾಡಬಹುದಲ್ವಾ?

ಬೇಡ. ಬೀಚ್‌ನಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅದೇ, ಎಲ್ಲಕ್ಕಿಂತ ಅಪಾಯದ ಜಾಗವೂ ಅದೇ. 2010ರ ಏಪ್ರಿಲ್‌ನಲ್ಲಿ ಇಟಲಿಯ ವೆಂಟೊಟೆನೆ ಎಂಬ ಜ್ವಾಲಾಮುಖಿ ದ್ವೀಪದ ಬೀಚ್‌ನಲ್ಲಿ ಬಂಡೆ ಕಳಚಿ, ಶಾಲೆಯಿಂದ ಪ್ರವಾಸ ಬಂದಿದ್ದ ಇಬ್ಬರು ಹುಡುಗಿಯರು ತೀರಿಕೊಂಡರು. 

ನಾನು ಪಾಲಿಸುವ ಲೆಕ್ಕ ಸುಲಭ. ಬಂಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಕೂರುವುದು. ಬೀಚ್ ಅಷ್ಟು ಅಗಲವೇ ಇಲ್ಲದಿದ್ದರೆ ಕೂರದೆ, ನೋಡಿ, ನಡೆದು ಹೊರಟುಬಿಡುವುದು. ಬಿಸಿಲಿಗೆ ಮನೆಯಿಂದಲೇ ಒಂದು ದೊಡ್ಡ ಛತ್ರಿ ತನ್ನಿ.

ಅಣ್ಣ, ನಾನು ವಿ.ಸಿ. ನಾಲೇಲಿ ಈಜು ಕಲಿತೋನು, ಸಂಗಮದಲ್ಲೂ ಈಜಿದೀನಿ. ಸಮುದ್ರ ಏನು ಮಹಾ?

ನಾಲೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ. ಸೋತರೆ ಅದರ ಜೊತೆ ತೇಲಿಕೊಂಡು ಹೋಗಿ ಮುಂದಿನ ಸೋಪಾನ ಹಿಡಿಯಬಹುದು. ಕಾವೇರಿಯ ಸುಳಿ ಎಲ್ಲಿ ಅಂತ ಊರವರಿಗೆ ಗೊತ್ತಿರುತ್ತದೆ. ಹಾಗಿದ್ದೂ ಮುತ್ತತ್ತಿಯಲ್ಲಿ ಎಷ್ಟು ಜನ ಹೋದರು ಅಂತ ನಿಮಗೇ ಗೊತ್ತು.

ಸಮುದ್ರದಲ್ಲಿ ಸೆಳೆತ ದಡದಿಂದ ಒಳಕ್ಕೆ. ಅಲೆಗಳು ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ, ಅದು ಒಂದು ಕಿರಿದಾದ ದಾರಿ ಮಾಡಿಕೊಂಡು ಜೋರಾಗಿ ಹೊರಕ್ಕೆ ಹರಿಯುತ್ತದೆ. ಬಂಡೆಗೋಡೆ ಸಮುದ್ರಕ್ಕೆ ಚಾಚಿದ ಮೂಲೆಗಳಲ್ಲಿ ಈ ಸೆಳೆತ ಹೆಚ್ಚು. ಸುತ್ತ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಹೊಸಬರು ಅಲ್ಲೇ ಇಳಿಯುತ್ತಾರೆ. ಅದೇ ಸೆಳೆತದ ದಾರಿ.

ಸಿಕ್ಕಿಕೊಂಡರೆ ದಡದ ಕಡೆಗೆ ಈಜಬೇಡಿ, ಸುಸ್ತಾಗುತ್ತೀರಿ. ಮೊದಲು ಸುಮ್ನೆ ಮಲಗಿ ತೇಲಿ. ಉಪ್ಪುನೀರು ನಾಲೆ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಕೈ ಎತ್ತಿ ಸಹಾಯ ಕೇಳಿ. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಅಡ್ಡಕ್ಕೆ ಈಜುವಾಗ ಬಂಡೆಯ ಕಡೆಗಲ್ಲ, ಮರಳಿನ ಕಡೆಗೆ.

ಇನ್ನೊಂದು ವಿಷಯ ನಾಲೆಯವರಿಗೆ ಹೊಳೆಯುವುದೇ ಇಲ್ಲ. ಇಳಿಜಾರು ಬೀಚ್‌ಗಳಲ್ಲಿ ಅಲೆ ದೂರದಲ್ಲಿ ಒಡೆಯದೆ ದಡದಲ್ಲೇ ದಬ್ಬೆಂದು ಬೀಳುತ್ತದೆ. ಮಂಡಿಯುದ್ದ ನೀರಿನಲ್ಲಿ ನಿಂತವರ ಕುತ್ತಿಗೆ, ಭುಜ ಮುರಿದದ್ದಿದೆ.

ಉಬ್ಬರ ಇಳಿತ ನೋಡ್ಕೊಂಡು ಹೋಗಿ ಅಂತಾರೆ. ಅದನ್ನು ಹೇಗೆ ನೋಡೋದು?

ನಮ್ಮ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದೇ ಇರುತ್ತದಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ಗಂಟೆಯ ಲೆಕ್ಕಕ್ಕೆ ಆ ಊರಿನ ಉಬ್ಬರದ ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಎಲ್ಲ ಕಡೆ ಒಂದೇ ಅಲ್ಲ. ಗ್ರೀಸ್‌ನಲ್ಲಿ ವ್ಯತ್ಯಾಸ ತೀರಾ ಕಡಿಮೆ, ಹವಾಯಿಯಲ್ಲೂ ಒಂದು ಮೀಟರ್ ಒಳಗೆ. ಬಾಲಿ, ಮದೈರಾ, ಟೆನೆರಿಫೆ ಇರುವ ಕ್ಯಾನರಿ ದ್ವೀಪಗಳಲ್ಲಿ ಎರಡು ಮೀಟರ್‌ವರೆಗೂ, ಕೆಲವು ದಿನ ಇನ್ನೂ ಹೆಚ್ಚು. ಐಸ್‌ಲ್ಯಾಂಡ್‌ನ ರೇಕ್ಯಾವಿಕ್ ಹತ್ತಿರ ನಾಲ್ಕು ಮೀಟರ್ ಮುಟ್ಟುತ್ತದೆ. ಎರಡು ಮೀಟರ್ ಅಂದರೆ ಬೀಚೇ ಮಾಯ.

ಸಿಕ್ಕಿಬೀಳುವುದು ಹೀಗೆ: ಇಳಿತದಲ್ಲಿ ಬಂಡೆಯ ಮೂಲೆ ಸುತ್ತಿಕೊಂಡು ಪಕ್ಕದ ಚಿಕ್ಕ ಬೀಚ್‌ಗೆ ಹೋಗುತ್ತಾರೆ. ಫೋಟೋ, ತಿಂಡಿ, ಹರಟೆ. ವಾಪಸ್ ಬರುವಾಗ ಮೂಲೆಯಲ್ಲಿ ಎದೆಯುದ್ದ ನೀರು. ಇಳಿತ ಪೂರ್ತಿ ಆಗುವ ಒಂದು ಗಂಟೆ ಮುಂಚೆ ಹೊರಟು, ನೀರು ತಿರುಗುವ ಹೊತ್ತಿಗೆ ಮೂಲೆ ದಾಟಿ ಈಚೆ ಬಂದಿರಬೇಕು.

ಐಸ್‌ಲ್ಯಾಂಡ್‌ನ ಆ ಕಪ್ಪು ಬೀಚ್‌ನಲ್ಲಿ ಅಲೆ ಬಂದು ಜನರನ್ನ ಎಳ್ಕೊಂಡು ಹೋಗುತ್ತಂತೆ?

ಹೌದು, ರೇನಿಸ್‌ಫ್ಯಾರಾ. ಬಸಾಲ್ಟ್ ಕಂಬಗಳ ಗೋಡೆ, ಅದರೊಳಗೊಂದು ಗುಹೆ, ಎದುರಿಗೆ ಸಮುದ್ರದಲ್ಲಿ ನಿಂತ ಕಲ್ಲುಗಳು. ಹತ್ತಾರು ಸಣ್ಣ ಅಲೆಗಳ ನಂತರ ಒಂದು ದೊಡ್ಡದು ಬಂದು ಮರಳಿನ ಮೇಲೆ ಬಹಳ ದೂರ ಓಡುತ್ತದೆ. ದಕ್ಷಿಣಕ್ಕೆ ಅದನ್ನು ತಡೆಯುವ ನೆಲವೇ ಇಲ್ಲ. ಕಾಲಡಿಯ ಮರಳು ಕುಸಿಯುತ್ತದೆ, ನೀರು ಕೊರೆಯುವಷ್ಟು ತಣ್ಣಗೆ, ದಪ್ಪ ಜಾಕೆಟ್ ನೆನೆದು ಭಾರ. ಪ್ರವಾಸಿಗರು ಸತ್ತ ಮೇಲೆ ಅಲ್ಲಿ ದೀಪದ ವ್ಯವಸ್ಥೆ ಮಾಡಿದರು. ಹಳದಿ ಇದ್ದರೆ ಎಚ್ಚರದಿಂದ ನಡೆಯಿರಿ. ಕೇಸರಿ ಇದ್ದರೆ ನೀರಿನ ಹತ್ತಿರದ ಭಾಗಕ್ಕೆ ಹೋಗುವಂತಿಲ್ಲ. ಕೆಂಪು ಇದ್ದರೆ ಬೀಚ್‌ಗೇ ಇಳಿಯುವಂತಿಲ್ಲ. ಹಳದಿ ಇದ್ದಾಗಲೂ ಒದ್ದೆ ಮರಳಿನ ಮೇಲೆ ಕಾಲಿಡಬೇಡಿ, ಸಮುದ್ರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ. ಸಮುದ್ರದ ಭಯಕ್ಕೆ ಗೋಡೆಗೆ ಅಂಟಿಕೊಂಡು ನಿಲ್ಲುವುದೂ ತಪ್ಪು. 2019ರಲ್ಲಿ ಆ ಬೀಚ್‌ನ ಒಂದು ತುದಿಯಲ್ಲಿ ಗುಡ್ಡದ ದೊಡ್ಡ ಭಾಗ ಕುಸಿದು ಬಂತು.

ಬೋರ್ಡ್ ಹಾಕಿರ್ತಾರೆ, ಆದ್ರೂ ಎಲ್ಲರೂ ಒಳಗೆ ಹೋಗ್ತಿರ್ತಾರೆ. ನಾವೂ ಹೋಗಬಹುದಾ?

ಸ್ಯಾಂಟೊರಿನಿಯ ಕೆಂಪು ಬೀಚ್‌ನಲ್ಲಿ ಇದೇ ನಡೆಯುವುದು. ಕಲ್ಲು ಬೀಳುತ್ತದೆ ಅಂತ ಬೋರ್ಡ್ ಇದೆ, ಅದರ ಪಕ್ಕದಲ್ಲೇ ಸಾಲುಗಟ್ಟಿ ಜನ ಹೋಗುತ್ತಿರುತ್ತಾರೆ. ಜನ ಹೋಗುತ್ತಿದ್ದಾರೆ ಅನ್ನುವುದು ಕಲ್ಲಿಗೆ ಗೊತ್ತಿಲ್ಲ. ಕಾರ್ ಪಾರ್ಕಿಂಗ್ ಕಡೆಯ ಗುಡ್ಡದ ತಿರುವಿನಿಂದ ಬೀಚ್ ಪೂರ್ತಿ ಕಾಣುತ್ತದೆ, ಬಣ್ಣವೂ ಅಲ್ಲಿಂದಲೇ ಚೆನ್ನ. ಮುಚ್ಚಿದ ಜಾಗಕ್ಕೆ ಹೋಗಿ ಏಟಾದರೆ ವಿಮೆಯವರು ಕೈ ಎತ್ತುವ ಸಾಧ್ಯತೆಯೂ ಇದೆ.

ಒಂದು ಬಾಟಲಿ ಕಪ್ಪು ಮರಳು ತರಬಹುದಾ? ಶೋಕೇಸ್‌ಗೆ.

ತರಬೇಡಿ. ಹವಾಯಿಯಲ್ಲಿ ಕಾನೂನೇ ಇದೆ. ಕ್ಯಾನರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಕಲ್ಲು, ಮರಳು ಕಿತ್ತುಕೊಳ್ಳುತ್ತಾರೆ. ಹವಾಯಿಯ ಕಲ್ಲು ಒಯ್ದರೆ ಅಲ್ಲಿನ ಜ್ವಾಲಾಮುಖಿಯ ದೇವತೆ ಪೆಲೆಯ ಶಾಪ ತಟ್ಟುತ್ತದೆ ಅನ್ನುವ ಮಾತಿಗೆ ಹೆದರಿ, ಒಯ್ದವರು ಪಾರ್ಸೆಲ್ ಮಾಡಿ ವಾಪಸ್ ಕಳಿಸುತ್ತಲೇ ಇರುತ್ತಾರೆ. ಪಾರ್ಸೆಲ್ ಬಿಚ್ಚುವ ಕೆಲಸ ಪಾಪ ಅಲ್ಲಿನ ಉದ್ಯಾನದವರಿಗೆ.

ಬಾಲಿ ಬೀಚ್‌ನಲ್ಲಿ ಹೂವು, ಊದುಬತ್ತಿ ಇಟ್ಟಿರ್ತಾರಲ್ಲ, ಅದೇನು? ನಾವೂ ಸಮುದ್ರಕ್ಕೆ ಪೂಜೆ ಮಾಡಬಹುದಾ?

ಅದು ಅವರ ದಿನದ ನೈವೇದ್ಯ, ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ. ತುಳಿಯಬೇಡಿ, ದಾಟಬೇಡಿ. ನೀವು ಕೈ ಮುಗಿಯಿರಿ, ಬೇಕಾದರೆ ಒಂದು ಹೂವು ಬಿಡಿ. ಪ್ಲಾಸ್ಟಿಕ್ ಕವರ್, ಅರಿಶಿನ ಕುಂಕುಮದ ಪೊಟ್ಟಣ, ಹಳೇ ಬಟ್ಟೆ ಬೇಡ. ನಮ್ಮ ಸಂಗಮದಲ್ಲಿ ಆಗಿರುವುದೇ ಸಾಕು. ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ ಕಿತ್ತುಕೊಂಡು, ಹಣ್ಣು ಕೊಟ್ಟರೆ ಮಾತ್ರ ವಾಪಸ್ ಕೊಡುವಷ್ಟು ಚಾಲಾಕು. ನಮ್ಮ ಬೆಟ್ಟದ ಕೋತಿಗಳು ಅದರ ಮುಂದೆ ಸಂಭಾವಿತರು.

## ಇನ್ನೂ ಒಳಗೆ ಹೋಗಿ ಕೇಳುವವರಿಗೆ

ಉಲುವಾಟು, ಕೆಲಿಂಗ್‌ಕಿಂಗ್ ಬಂಡೆ ಬಿಳಿ ಇದೆಯಲ್ಲ. ಜ್ವಾಲಾಮುಖಿ ಕಲ್ಲು ಕಪ್ಪಿರಬೇಕಲ್ವಾ?

ಒಳ್ಳೇ ಗಮನ. ಬಾಲಿ ಜ್ವಾಲಾಮುಖಿ ದ್ವೀಪ ಹೌದು, ಅಗುಂಗ್ ಬೆಟ್ಟ 3,000 ಮೀಟರ್ ಮೀರಿದೆ. ಆದರೆ ಉಲುವಾಟು ಇರುವ ದಕ್ಷಿಣದ ಬುಕಿಟ್ ಭಾಗ ಮತ್ತು ನೂಸಾ ಪೆನಿಡಾ ಸುಣ್ಣಕಲ್ಲು. ಸಮುದ್ರದ ತಳದಲ್ಲಿ ಬೆಳೆದ ಹವಳ, ಚಿಪ್ಪು ಗಟ್ಟಿಯಾಗಿ ಮೇಲೆ ಎದ್ದದ್ದು. ಸುಣ್ಣಕಲ್ಲನ್ನು ಮಳೆನೀರು ಕರಗಿಸುತ್ತದೆ, ಒಳಗೆ ಟೊಳ್ಳು ಮಾಡುತ್ತದೆ. ಕಪ್ಪು ಮರಳು ನೋಡಬೇಕಾದರೆ ಉತ್ತರಕ್ಕೆ ಲೊವಿನಾ, ಪೂರ್ವಕ್ಕೆ ಅಮೆಡ್ ಕಡೆ ಹೋಗಿ. ಕಪ್ಪಿಲ್ಲದ ಜ್ವಾಲಾಮುಖಿ ಕಲ್ಲೂ ಇದೆ. ಗ್ರೀಸ್‌ನ ಮಿಲೋಸ್ ದ್ವೀಪದ ಸರಾಕಿನಿಕೊದಲ್ಲಿ ಅದು ಸುಣ್ಣ ಬಳಿದಷ್ಟು ಬೆಳ್ಳಗಿದೆ.

ಬಂಡೆ ಇವತ್ತು ಬೀಳುತ್ತೋ ಇಲ್ವೋ ಅಂತ ನೋಡಿ ಹೇಳೋಕಾಗುತ್ತಾ?

ದಿನ ಹೇಳಲು ಯಾರಿಂದಲೂ ಆಗುವುದಿಲ್ಲ. ಜಾಗ ಹೇಳಬಹುದು.

ಮೊದಲು ಬುಡ ನೋಡಿ. ಅಲೆ ತಿರುಗಿಸಿದ ಹಳೆ ಕಲ್ಲುಗಳ ಅಂಚು ಸವೆದು ದುಂಡಗಿರುತ್ತದೆ. ಅಂಚು ಚೂಪಾಗಿ, ಪಾಚಿ ಇಲ್ಲದೆ ಬಿದ್ದ ಕಲ್ಲು ಕಂಡರೆ ಅದು ಇತ್ತೀಚೆಗೆ ಬಿದ್ದದ್ದು. ಆಮೇಲೆ ತಲೆ ಎತ್ತಿ, ಅದರ ನೇರಕ್ಕೆ ಗೋಡೆ ನೋಡಿ. ಸುತ್ತಲೂ ಮಾಸಿದ ಬಣ್ಣ, ನಡುವೆ ಒಂದು ಕಡೆ ಹೊಸ ಬಣ್ಣದ ಗಾಯ ಇರುತ್ತದೆ. ಪದರದಿಂದ ನೀರು ಜಿನುಗುತ್ತಿದೆಯಾ? ಬೂದಿ ಪದರ ಒಳಸರಿದು ಮೇಲಿನದು ಚಾಚಿಕೊಂಡಿದೆಯಾ? ಗೋಡೆಯ ತುದಿಯಲ್ಲಿ ಮರದ ಬೇರು ಸೀಳಿನೊಳಗೆ ಇಳಿದಿದೆಯಾ? ಸಣ್ಣ ಕಲ್ಲು ಉದುರುವ ಸದ್ದು ಎರಡನೇ ಸಲ ಕೇಳಿದರೆ ಮೂರನೆಯದಕ್ಕೆ ಕಾಯಬೇಡಿ. ಜೋರು ಮಳೆಯ ದಿನ, ಮಾರನೆಯ ದಿನ, ಭೂಕಂಪದ ನಂತರ ಬುಡಕ್ಕೆ ಹೋಗಲೇಬಾರದು.

ಅಲೆ ಒಂದೂವರೆ ಮೀಟರ್ ಅಂತ ಆ್ಯಪ್‌ನಲ್ಲಿ ತೋರಿಸುತ್ತೆ. ಅದು ಜಾಸ್ತಿನಾ ಕಮ್ಮಿನಾ?

ಎತ್ತರ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಅದರ ಪಕ್ಕದಲ್ಲಿ ಸೆಕೆಂಡ್ ಲೆಕ್ಕ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸಮಯ. ಎಂಟು ಸೆಕೆಂಡಿನ ಒಂದೂವರೆ ಮೀಟರ್ ಅಲೆ ಹತ್ತಿರದ ಗಾಳಿ ಎಬ್ಬಿಸಿದ ಗಲಾಟೆ. ಹದಿನಾರು ಸೆಕೆಂಡಿನ ಒಂದೂವರೆ ಮೀಟರ್ ಅಲೆ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಬಂದದ್ದು. ಅದರಲ್ಲಿ ಸುಮಾರು ಎರಡರಷ್ಟು ಶಕ್ತಿ, ಮರಳಿನ ಮೇಲೂ ಹೆಚ್ಚು ದೂರ ಓಡುತ್ತದೆ. ಎತ್ತರವೇ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಮೂರನೆಯದು ದಿಕ್ಕು. ಬಾಲಿಯ ದಕ್ಷಿಣಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಸಾಗರದ ಉದ್ದ ಅಲೆ ಬರುತ್ತದೆ. ಆಕಾಶ ನೀಲಿ, ಗಾಳಿ ಇಲ್ಲ, ಅಲೆ ಮಾತ್ರ ದೈತ್ಯ.

ಇಷ್ಟೆಲ್ಲ ನೋಡಿದ ಮೇಲೂ ಮೆಟ್ಟಿಲ ಮೇಲೆಯೇ ಒಂದು ಇಪ್ಪತ್ತು ನಿಮಿಷ ನಿಂತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಬಿಡುವಿನಲ್ಲಿ ಬಂದವರಿಗೆ ಸಮುದ್ರ ಸಾಧು ಅನ್ನಿಸುತ್ತದೆ. ಒದ್ದೆ ಮರಳು ಎಲ್ಲಿಗೆ ಮುಗಿಯುತ್ತದೆ, ಒಣಗಿದ ಪಾಚಿ, ಕಡ್ಡಿಗಳ ಗೆರೆ ಎಲ್ಲಿದೆ ನೋಡಿ. ಆ ಗೆರೆ ಬಂಡೆಗೋಡೆಯ ಬುಡದಲ್ಲೇ ಇದ್ದರೆ, ಉಬ್ಬರದಲ್ಲಿ ನಿಮಗೆ ನಿಲ್ಲಲು ಜಾಗ ಇಲ್ಲ ಅಂತ ಅರ್ಥ.

ಗುಹೆ, ಕಲ್ಲಿನ ಕಮಾನು ಇರುತ್ತಲ್ಲ, ಒಳಗೆ ಹೋಗಬಹುದಾ?

ಊರಿನ ಗೈಡ್ ಇಲ್ಲದೆ ಬೇಡ. ಗುಹೆಯೊಳಗೆ ಅಲೆ ನುಗ್ಗಿದರೆ ನೀರು ಚಾವಣಿವರೆಗೆ ಏರುತ್ತದೆ. ಕಮಾನು ಎಂದರೆ ಅರ್ಧ ಬಿದ್ದು ಉಳಿದ ಬಂಡೆ.

ಬೀಚ್‌ನಲ್ಲಿದ್ದಾಗ ಭೂಮಿ ನಡುಗಿದ್ರೆ?

ಮೊದಲು ಬಂಡೆಯಿಂದ ದೂರ, ನೀರಿನ ಕಡೆಯ ಬಯಲಿಗೆ. ನಡುಕ ನಿಂತ ತಕ್ಷಣ ಮೇಲಕ್ಕೆ, ಸಾಮಾನು ಬಿಟ್ಟು. ಜೋರಾಗಿ ಅಥವಾ ಬಹಳ ಹೊತ್ತು ನಡುಗಿದರೆ ಸುನಾಮಿ ಬರಬಹುದು, ಸೈರನ್‌ಗೆ ಕಾಯಬೇಡಿ. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೂ ಅಷ್ಟೇ. ಅದಕ್ಕೇ ಬೀಚ್‌ಗೆ ಇಳಿದ ಕೂಡಲೇ ಮೇಲೆ ಹೋಗುವ ದಾರಿಗಳೆಷ್ಟು ಅಂತ ನೋಡಿಟ್ಟುಕೊಳ್ಳುವುದು.

ನಡುಕವೇ ಇಲ್ಲದೆಯೂ ಸುನಾಮಿ ಬರುತ್ತದೆ. 2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದ ಅನಾಕ್ ಕ್ರಾಕಟೌ ಜ್ವಾಲಾಮುಖಿಯ ಒಂದು ಮಗ್ಗುಲು ಸಮುದ್ರಕ್ಕೆ ಜಾರಿ, ಜಾವಾ, ಸುಮಾತ್ರದ ದಂಡೆಗಳಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ದಡದಲ್ಲಿದ್ದವರಿಗೆ ಎಚ್ಚರಿಕೆಯೇ ಸಿಗಲಿಲ್ಲ. 2025ರ ಆರಂಭದಲ್ಲಿ ಸ್ಯಾಂಟೊರಿನಿಯಲ್ಲಿ ವಾರಗಟ್ಟಲೆ ಭೂಮಿ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟರು. ಆಗ ಅಲ್ಲಿನ ಆಡಳಿತ ಬಂಡೆಗೋಡೆಗಳ ಹತ್ತಿರ ಹೋಗಬೇಡಿ ಅಂತ ಹೇಳಿತ್ತು.

ಜ್ವಾಲಾಮುಖಿ ಎದ್ದಿದೆ ಅಂತ ನ್ಯೂಸ್‌ನಲ್ಲಿ ಬಂತು. ಟಿಕೆಟ್ ಕ್ಯಾನ್ಸಲ್ ಮಾಡಿಬಿಡೋದಾ?

ಯಾವ ಜ್ವಾಲಾಮುಖಿ, ಎಷ್ಟು ದೂರ ಅಂತ ನೋಡಿ. ಬಹಳ ಸಲ ಬೀಚ್‌ಗೆ ಏನೂ ಆಗಿರುವುದಿಲ್ಲ, ವಿಮಾನಕ್ಕೆ ತೊಂದರೆ ಆಗಿರುತ್ತದೆ. ಬೂದಿ ಎಂಜಿನ್ ಒಳಗೆ ಕರಗಿ ಅಂಟುತ್ತದೆ, ಅದಕ್ಕೇ ಹಾರಿಸುವುದಿಲ್ಲ. 2017ರ ನವೆಂಬರ್‌ನಲ್ಲಿ ಅಗುಂಗ್‌ನಿಂದ ಬಾಲಿ ನಿಲ್ದಾಣ ಮುಚ್ಚಿತು. 2024ರ ನವೆಂಬರ್‌ನಲ್ಲಿ ನೂರಾರು ಕಿಲೋಮೀಟರ್ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದು ಬಾಲಿಯ ವಿಮಾನಗಳು ರದ್ದಾದವು. ವಾಪಸ್ ಬಂದ ಮಾರನೇ ದಿನವೇ ಆಫೀಸಿಗೆ ಹೋಗಬೇಕಾದ ಹಾಗೆ ಟಿಕೆಟ್ ಮಾಡಬೇಡಿ, ಒಂದೆರಡು ದಿನ ಕೈಯಲ್ಲಿರಲಿ. ಔಷಧಿಯೂ ಅಷ್ಟು ದಿನಕ್ಕೆ ಹೆಚ್ಚಿಗೆ ಇರಲಿ. ವಿಮೆ ಟಿಕೆಟ್ ಮಾಡಿದ ದಿನವೇ ತಗೊಳ್ಳಿ. ಸ್ಫೋಟದ ಸುದ್ದಿ ಬಂದ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಸ್ಫೋಟಕ್ಕೆ ಅನ್ವಯಿಸುವುದಿಲ್ಲ.

ಬೆಟ್ಟದ ಬಾಯಿಗೇ ಹೋಗುವ ಪ್ಯಾಕೇಜ್ ಬೇರೆ ಮಾತು. ನ್ಯೂಜಿಲೆಂಡ್‌ನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಪ್ರವಾಸಿಗರು ಒಳಗಿರುವಾಗಲೇ ಸ್ಫೋಟವಾಗಿ 22 ಜನ ತೀರಿಕೊಂಡರು.

ಲಾವಾ ಸಮುದ್ರಕ್ಕೆ ಬೀಳೋದನ್ನ ದೋಣಿಯಿಂದ ತೋರಿಸ್ತಾರಂತೆ. ಹೋಗೋದಾ?

ನಾನು ಹೋಗುವುದಿಲ್ಲ. ಲಾವಾ ನೀರಿಗೆ ಬಿದ್ದಾಗ ಏಳುವ ಬಿಳಿ ಮೋಡದಲ್ಲಿ ಆವಿ ಜೊತೆ ಹೈಡ್ರೋಕ್ಲೋರಿಕ್ ಆಮ್ಲ, ಗಾಜಿನ ಪುಡಿ ಇರುತ್ತದೆ. 2018ರ ಜುಲೈನಲ್ಲಿ ಹವಾಯಿಯಲ್ಲಿ ಸಿಡಿದ ಲಾವಾ ತುಂಡು ಪ್ರವಾಸಿ ದೋಣಿಯ ಚಾವಣಿ ತೂತು ಮಾಡಿ 23 ಜನರಿಗೆ ಗಾಯವಾಯಿತು. ಲಾವಾ ಹೊಸದಾಗಿ ಕಟ್ಟಿದ ದಂಡೆಯೂ ಹೇಳದೆ ಕೇಳದೆ ಕುಸಿಯುತ್ತದೆ.

ಹರಿಯುವುದು ನಿಂತ ಮೇಲೂ ಗಾಳಿಯ ಕಡೆ ಗಮನ ಇರಲಿ. ಕ್ಯಾನರಿಯ ಲಾ ಪಾಲ್ಮಾ ದ್ವೀಪದಲ್ಲಿ 2021ರ ಡಿಸೆಂಬರ್‌ಗೆ ಸ್ಫೋಟ ಮುಗಿದರೂ ಪ್ವೆರ್ತೊ ನಾವೋಸ್ ಎಂಬ ಬೀಚ್ ಊರನ್ನು ಬಹಳ ಕಾಲ ಮುಚ್ಚಿದ್ದರು. ನೆಲದಿಂದ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ತಗ್ಗಿನಲ್ಲಿ ನಿಲ್ಲುತ್ತದೆ.

ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡೋದು?

ಗ್ರೀಸ್, ಸ್ಪೇನ್, ಪೋರ್ಚುಗಲ್, ಇಟಲಿ, ಐಸ್‌ಲ್ಯಾಂಡ್‌ನಲ್ಲಿ 112. ಹವಾಯಿಯಲ್ಲಿ 911. ಬಾಲಿ, ಮಾರಿಷಸ್‌ನಲ್ಲಿ ಉಳಿದುಕೊಂಡ ಹೋಟೆಲ್‌ನವರನ್ನು ಮೊದಲ ದಿನವೇ ಕೇಳಿ, ಹತ್ತಿರದ ಆಸ್ಪತ್ರೆಯ ನಂಬರ್ ಸಮೇತ ಬರೆದುಕೊಳ್ಳಿ. ಬಂಡೆಗೋಡೆಯ ಬುಡದಲ್ಲಿ ಸಿಗ್ನಲ್ ಸಿಗದ ಜಾಗ ಬಹಳ. ಎಲ್ಲಿಗೆ ಇಳಿಯುತ್ತಿದ್ದೀರಿ, ಎಷ್ಟು ಗಂಟೆಗೆ ಮೇಲೆ ಬರುತ್ತೀರಿ ಅಂತ ಮೇಲೆ ಉಳಿದವರಿಗೆ ಹೇಳಿ ಇಳಿಯಿರಿ. ಯಾರೂ ಉಳಿಯದಿದ್ದರೆ ಹೋಟೆಲ್‌ನಲ್ಲಿ ಹೇಳಿ. ವಿಮೆಯ ನಂಬರ್ ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಳ್ಳಿ. ಒದ್ದೆ ಆಗುವುದರಲ್ಲಿ ಮೊದಲನೆಯದು ಮೊಬೈಲೇ.